ಇಷ್ಟದ ಸಣ್ಣ ಬ್ಯಾಂಡ್ ದೊಡ್ಡದಾದಾಗ: ದಾವಣಗೆರೆ, ಚಿತ್ರದುರ್ಗದ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಸಣ್ಣ ಬ್ಯಾಂಡ್‌ಗಳ ಹಿಂದೆ ಓಡಾಡುವವರು ಜಾಸ್ತಿ ಇಲ್ಲ. ಇರುವವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತು. ಯಾವುದೋ ಒಂದು ಬ್ಯಾಂಡ್ ಇದ್ದಕ್ಕಿದ್ದ ಹಾಗೆ ಎಲ್ಲರ ಫೋನಿಗೂ ಬಂದುಬಿಟ್ಟರೆ ಇವರ ಮುಖ ಸಪ್ಪಗಾಗುತ್ತದೆ. ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಏನೇ ಮಾತು ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ದುರ್ಗದ ಗೆಳೆಯರದೂ ಇದೇ ಕಥೆ. ಹಾಗೆ ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳು, ಅವಕ್ಕೆ ನನಗೆ ತೋಚಿದ ಉತ್ತರಗಳು ಇಲ್ಲಿವೆ.

ಇಷ್ಟದ ಬ್ಯಾಂಡ್ ಫೇಮಸ್ ಆದರೆ ಖುಷಿ ಆಗಬೇಕಲ್ವಾ? ಹೊಟ್ಟೆ ಯಾಕೆ ಉರಿಯುತ್ತದೆ?

ಖುಷಿಯೂ ಆಗುತ್ತದೆ. ಆ ಹುಡುಗರು ಪಟ್ಟ ಪಾಡು ಕಣ್ಣಾರೆ ಕಂಡವರಿಗೆ, ಅವರ ಹೆಸರು ದೊಡ್ಡ ಪೋಸ್ಟರ್‌ನಲ್ಲಿ ಕಂಡಾಗ ಎದೆ ಉಬ್ಬುತ್ತದೆ. ಅದರ ಹಿಂದೆಯೇ ಒಂದು ಕಸಿವಿಸಿ ಬರುತ್ತದೆ. ನಿನ್ನೆಯವರೆಗೆ ಆ ಹಾಡು ಗೊತ್ತಿದ್ದವರೆಲ್ಲ ನಿಮಗೂ ಗೊತ್ತಿದ್ದವರೇ. ಇವತ್ತು ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿನವನ ರೀಲ್ಸ್‌ನಲ್ಲಿ ಅದೇ ಹಾಡು, ಬರೀ ಹದಿನೈದು ಸೆಕೆಂಡು. ಪಲ್ಲವಿ ಮುಗಿಯುವ ಮೊದಲೇ ಅವನ ಬೆರಳು ಮುಂದಿನದಕ್ಕೆ ಹೋಗುತ್ತದೆ. ಯಾರಿಗಾದರೂ ಬೈಯಬೇಕು ಅನಿಸುತ್ತದೆ. ಯಾರಿಗೆ ಅಂತ ಗೊತ್ತಾಗುವುದಿಲ್ಲ.

ನನ್ನ ಪ್ರಕಾರ ಇಲ್ಲಿ ಎರಡು ಬೇಜಾರು ಸೇರಿಕೊಂಡಿವೆ. ‘ಇದು ನಮಗಷ್ಟೇ ಗೊತ್ತಿತ್ತು’ ಅನ್ನುವ ಹೆಮ್ಮೆ ಕೈತಪ್ಪಿದ್ದು ಒಂದು. ಅದು ತಾನಾಗಿಯೇ ಕರಗುತ್ತದೆ, ಅದಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಇನ್ನೊಂದು, ಬ್ಯಾಂಡ್ ಬೆಳೆದ ಮೇಲೆ ನಮ್ಮ ಊರಿಗೆ ಬರುವುದೇ ಇಲ್ಲ ಅನ್ನುವುದು. ಇದು ಕರಗುವುದಿಲ್ಲ. ಇದಕ್ಕೆ ನಿಮ್ಮ ಮನಸ್ಸಿನಲ್ಲಿ ಕಾರಣ ಹುಡುಕಬೇಡಿ, ಕಾರಣ ಊರಿನಲ್ಲೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಹೀಗೆ ಅನಿಸುವುದು ನನಗೊಬ್ಬನಿಗೇನಾ?

ಖಂಡಿತ ಅಲ್ಲ. ಹಾರ್ವೆ ಲೀಬೆನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞ 1950ರಲ್ಲೇ ಇದರ ಬಗ್ಗೆ ಬರೆದಿದ್ದರು. ಎಲ್ಲರೂ ಕೊಳ್ಳುತ್ತಿದ್ದಾರೆ ಅಂತಲೇ ಕೆಲವರು ಒಂದು ವಸ್ತು ಕೊಳ್ಳುತ್ತಾರೆ. ಎಲ್ಲರೂ ಕೊಳ್ಳುತ್ತಿದ್ದಾರೆ ಅಂತಲೇ ಇನ್ನು ಕೆಲವರು ಅದನ್ನು ಬಿಡುತ್ತಾರೆ. ಮ್ಯಾರಿಲಿನ್ ಬ್ರೂವರ್ ಎಂಬ ಮನಶ್ಶಾಸ್ತ್ರಜ್ಞೆ 1991ರಲ್ಲಿ ಇನ್ನೊಂದು ಮಾತು ಹೇಳಿದರು. ಮನುಷ್ಯನಿಗೆ ಒಂದು ಗುಂಪಿನವನಾಗಿರಬೇಕು ಅನ್ನುವ ಆಸೆಯೂ ಇದೆ, ಎಲ್ಲರ ಥರ ಇರಬಾರದು ಅನ್ನುವ ಆಸೆಯೂ ಇದೆ. ನಲವತ್ತು ಜನ ಕೇಳುವ ಬ್ಯಾಂಡ್ ಈ ಎರಡನ್ನೂ ತೀರಿಸುತ್ತದೆ. ನಾಲ್ಕು ಲಕ್ಷ ಜನ ಕೇಳತೊಡಗಿದರೆ ಎರಡನೆಯದು ಹೋಯಿತು.

ದೊಡ್ಡ ದೊಡ್ಡವರಿಗೂ ಇದರ ಬಿಸಿ ತಟ್ಟಿದೆ. ಅಮೆರಿಕದ ಜಾನಪದ ಗಾಯಕ ಅಂತ ಹೆಸರಾಗಿದ್ದ ಬಾಬ್ ಡಿಲನ್ 1965ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಕೆಳಗಿನಿಂದ ಕೂಗಾಟ ಎದ್ದಿತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಎದ್ದು ‘ಜೂಡಾಸ್’ ಅಂತಲೇ ಕೂಗಿದ. ಏಸುವಿಗೆ ದ್ರೋಹ ಮಾಡಿದವನ ಹೆಸರು ಅದು. ಗಿಟಾರಿಗೆ ಕರೆಂಟ್ ಕೊಟ್ಟಿದ್ದಕ್ಕೆ ಇಷ್ಟು ಸಿಟ್ಟು!

ಅಮೆರಿಕದ ನಿರ್ವಾಣಾ ಅನ್ನುವ ರಾಕ್ ಬ್ಯಾಂಡ್‌ನದು ಇನ್ನೂ ವಿಚಿತ್ರ. 1991ರ ಸೆಪ್ಟೆಂಬರ್‌ನಲ್ಲಿ ಅವರ ಎರಡನೇ ಆಲ್ಬಂ ಬಂತು. 1992ರ ಜನವರಿಗೆಲ್ಲ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೈಕಲ್ ಜಾಕ್ಸನ್ ಅವರನ್ನು ಕೆಳಗಿಳಿಸಿ ಮೊದಲ ಜಾಗಕ್ಕೆ ಏರಿತ್ತು. ಅದೇ ವರ್ಷದ ಕೊನೆಗೆ ಬಂದ ಇನ್ನೊಂದು ಆಲ್ಬಂನ ಒಳಪುಟದಲ್ಲಿ ಆ ಬ್ಯಾಂಡ್‌ನ ಹಾಡುಗಾರ ಕರ್ಟ್ ಕೊಬೇನ್ ನೇರವಾಗಿಯೇ ಬರೆದರು. ಬಣ್ಣ ನೋಡಿ ದ್ವೇಷ ಮಾಡುವವರು, ಹೆಂಗಸರನ್ನು, ಸಲಿಂಗಿಗಳನ್ನು ಕಂಡರೆ ಆಗದವರು ನಮ್ಮ ಕಾರ್ಯಕ್ರಮಕ್ಕೆ ಬರಬೇಡಿ, ನಮ್ಮ ರೆಕಾರ್ಡ್ ಕೊಳ್ಳಬೇಡಿ ಅಂತ. ಹೊಸ ಅಭಿಮಾನಿಗಳನ್ನು ಕಂಡು ಕಸಿವಿಸಿ ಪಡುವವರು ಹಳೆಯ ಅಭಿಮಾನಿಗಳಷ್ಟೇ ಅಲ್ಲ, ನೋಡಿ.

‘ಮೊದಲಿನ ಹಾಡುಗಳೇ ಚೆನ್ನಾಗಿದ್ದವು’ ಅನ್ನುವುದು ನಿಜಾನಾ, ಬರೀ ಭ್ರಮೆನಾ?

ಅರ್ಧ ನಿಜ. ಮೊದಲ ಐದಾರು ಹಾಡುಗಳನ್ನು ಒಂದು ಬ್ಯಾಂಡ್ ವರ್ಷಗಟ್ಟಲೆ ಉಜ್ಜಿರುತ್ತದೆ. ಕಾಲೇಜಿನಲ್ಲಿ, ಗೆಳೆಯರ ಮನೆ ತಾರಸಿಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಹಾಡಿ ಹಾಡಿ, ಜನ ಎದ್ದು ಹೋದ ಕಡೆ ಕತ್ತರಿಸಿ, ಚಪ್ಪಾಳೆ ಬಿದ್ದ ಕಡೆ ಎಳೆದು ಹದ ಮಾಡಿರುತ್ತಾರೆ. ಹೆಸರು ಬಂದ ಮೇಲಿನ ಹಾಡುಗಳಿಗೆ ಆ ಪುರಸೊತ್ತು ಸಿಗುವುದಿಲ್ಲ. ಕೆಲವೇ ತಿಂಗಳಲ್ಲಿ ಹೊಸದು ಬೇಕು ಅನ್ನುತ್ತಾರೆ.

ಇನ್ನರ್ಧ ನಮ್ಮ ಕಿವಿಯ ಕೆಲಸ. ಒಂದನ್ನು ಮತ್ತೆ ಮತ್ತೆ ಕಂಡರೆ, ಕೇಳಿದರೆ ಅದೇ ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದರು. ನಮ್ಮೂರಿನ ಹುಡುಗರ ಒಂದು ಹಾಡಿನ ಮೊಟ್ಟಮೊದಲ ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. ಹಾಸ್ಟೆಲ್ ರೂಮಿನಲ್ಲಿ ಮಾಡಿದ್ದು. ಎರಡನೇ ಚರಣ ಮುಗಿಯುವ ಹೊತ್ತಿಗೆ ಹೊರಗೆ ಯಾರೋ ಬಕೆಟ್ ಬೀಳಿಸುತ್ತಾರೆ. ಹಾಡುವವನು ನಗು ತಡೆದುಕೊಂಡೇ ಪಲ್ಲವಿ ಎತ್ತಿಕೊಳ್ಳುತ್ತಾನೆ. ಈಗ ಅದೇ ಹಾಡು ಸ್ಟುಡಿಯೊದಿಂದ ನೀಟಾಗಿ ಬಂದಿದೆ, ಕೊಳಲು ಕೂಡ ಸೇರಿದೆ. ಆದರೂ ಆ ಜಾಗ ಬಂದಾಗ ನನ್ನ ಕಿವಿ ಬಕೆಟ್ ಬೀಳುವುದನ್ನೇ ಕಾಯುತ್ತದೆ. ಇದಕ್ಕೆ ಬ್ಯಾಂಡ್‌ನವರು ಏನು ಮಾಡಬೇಕು ಹೇಳಿ?

ಹಾಗಂತ ಎಲ್ಲ ದೂರೂ ಸುಳ್ಳಲ್ಲ. ಬೆಣ್ಣೆ ದೋಸೆಯನ್ನೇ ನೋಡಿ. ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ‘ದಾವಣಗೆರೆ’ ಬೋರ್ಡ್ ಎದ್ದಿದೆ. ಹೆಸರು ಹರಡಿತಲ್ಲ ಅಂತ ಇಲ್ಲಿ ಯಾರೂ ಅತ್ತಿಲ್ಲ. ನಾವು ಬೈಯುವುದು ಬೇರೆಯದಕ್ಕೆ: ಸೌದೆ ಒಲೆ ಇಲ್ಲ, ಬೆಣ್ಣೆ ಸವರಿದ ಶಾಸ್ತ್ರ ಮಾಡುತ್ತಾರೆ, ಬಿಳಿ ಇರಬೇಕಾದ ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಹಾಕುತ್ತಾರೆ. ಏನು ಬದಲಾಗಿದೆ ಅಂತ ಇಷ್ಟು ಸ್ಪಷ್ಟವಾಗಿ ಹೇಳಬಲ್ಲೆವು. ಬ್ಯಾಂಡ್ ಬಗ್ಗೆಯೂ ಹಾಗೆ ಹೇಳಲು ಬಂದರೆ ಹೇಳಿ. ತಮಟೆ ತೆಗೆದು ಕಂಪ್ಯೂಟರ್ ಬೀಟ್ ಹಾಕಿದ್ದಾರೆ, ನಮ್ಮ ಕಡೆಯ ಮಾತು ಬಿಟ್ಟು ಪುಸ್ತಕದ ಮಾತು ಬರೆಯುತ್ತಿದ್ದಾರೆ, ಹೀಗೆ. ‘ಏನೋ ಮಿಸ್ಸಿಂಗು ಮಾರಾಯ’ ಅಂತ ಮಾತ್ರ ಹೇಳಲು ಬಂದರೆ ಒಂದು ತಿಂಗಳು ಸುಮ್ನೆ ಇದ್ದು ಮತ್ತೆ ಕೇಳಿ.

ಒಂದೇ ಹಾಡು ಗೊತ್ತಿರುವವರೂ ಅಭಿಮಾನಿಗಳಾ?

ಹೌದು. ನೀವೂ ಒಂದು ಹಾಡಿನಿಂದಲೇ ಶುರು ಮಾಡಿದ್ದು ತಾನೇ?

ಶಿಶುನಾಳ ಷರೀಫರು 1889ರಲ್ಲಿ ತೀರಿಕೊಂಡರು. ಅವರ ಹಾಡು ನಮ್ಮ ಅಜ್ಜಂದಿರಿಗೆ ಸಿಕ್ಕಿದ್ದು ಭಜನೆಯಲ್ಲಿ, ಏಕತಾರಿ, ತಾಳದ ಜೊತೆ. ಅಪ್ಪ ಅಮ್ಮನ ಕಾಲಕ್ಕೆ ಸಿ. ಅಶ್ವತ್ಥ್ ಅವರ ಕ್ಯಾಸೆಟ್ ಬಂತು. ನಮಗೆ ರಘು ದೀಕ್ಷಿತ್ ಅವರ ಗಿಟಾರ್‌ನಲ್ಲಿ ಸಿಕ್ಕಿತು. ಭಜನೆಯವರು ಕ್ಯಾಸೆಟ್ಟಿಗೆ ಮೂಗು ಮುರಿದಿದ್ದಾರೆ, ಕ್ಯಾಸೆಟ್ಟಿನವರು ಗಿಟಾರಿಗೆ ಮುರಿದಿದ್ದಾರೆ. ಗಿಟಾರ್ ಕೇಳಿ ಷರೀಫರ ಬೇರೆ ಪದಗಳನ್ನು ಹುಡುಕಿಕೊಂಡು ಹೋದ ಹುಡುಗರನ್ನು ನಾನು ಕಂಡಿದ್ದೇನೆ. ಹುಡುಕದೇ ಒಂದು ಹಾಡಿಗೆ ಕುಣಿದು ಮನೆಗೆ ಹೋದವರನ್ನೂ ಕಂಡಿದ್ದೇನೆ. ಅವರಿಂದ ಷರೀಫರಿಗೆ ಏನೂ ಕಮ್ಮಿಯಾಗಲಿಲ್ಲ.

ನಮ್ಮ ಕಡೆಯವರು ಟಿವಿ ಶೋ ಗೆದ್ದರೆ ಊರೆಲ್ಲ ಕುಣಿಯುತ್ತೇವೆ. ಬ್ಯಾಂಡ್ ಗೆದ್ದರೆ ಮಾತ್ರ ಯಾಕೆ ಈ ಸಂಕಟ?

ಇದು ಒಳ್ಳೆಯ ಪ್ರಶ್ನೆ. ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ ಸರಿಗಮಪದಲ್ಲಿ ಹಾಡಿದಾಗಲೂ, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 11ನೇ ಸೀಸನ್ ಗೆದ್ದಾಗಲೂ ‘ಅಯ್ಯೋ, ಈಗ ಎಲ್ಲರಿಗೂ ಗೊತ್ತಾಯಿತಲ್ಲ’ ಅಂತ ಕೊರಗಿದ ಒಬ್ಬರನ್ನೂ ನಾನು ನೋಡಿಲ್ಲ. ಯಾಕೆಂದರೆ ಅಲ್ಲಿ ಗೆಲ್ಲಿಸಿದ್ದು ನಾವೇ. ವೋಟ್ ಹಾಕಿದೆವು, ಮನೆಯವರ ಫೋನಿನಿಂದಲೂ ಹಾಕಿಸಿದೆವು, ಸ್ಟೇಟಸ್ ಇಟ್ಟೆವು.

ಬ್ಯಾಂಡ್ ವಿಷಯದಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ. ಒಂದು ದಿನ ಬೆಳಿಗ್ಗೆ ಎದ್ದರೆ ಆಲ್ಗರಿದಂ ಅದನ್ನು ಎತ್ತಿಕೊಂಡು ಹೋಗಿರುತ್ತದೆ. ಇಷ್ಟು ವರ್ಷ ಕುರ್ಚಿ ಹಾಕಿ, ಪೋಸ್ಟರ್ ಅಂಟಿಸಿ, ಹತ್ತು ಜನರನ್ನು ಕರೆತಂದವರಿಗೆ ಅದರಲ್ಲಿ ಪಾಲಿಲ್ಲ. ಇದನ್ನು ಹೊಟ್ಟೆಕಿಚ್ಚು ಅಂದರೆ ನಾನು ಒಪ್ಪುವುದಿಲ್ಲ. ಕೆಲವು ಜಾಣ ಬ್ಯಾಂಡ್‌ಗಳು ಇದನ್ನು ಅರ್ಥ ಮಾಡಿಕೊಂಡಿವೆ. ಹಳಬರಿಗೆ ಹೊಸ ಹಾಡನ್ನು ಮೊದಲೇ ಕಳಿಸುತ್ತವೆ, ‘ಹೇಗಿದೆ ಹೇಳ್ರಪ್ಪಾ’ ಅಂತ ಕೇಳುತ್ತವೆ. ಖರ್ಚಿಲ್ಲದ ಕೆಲಸ.

ಸಿನಿಮಾಗೆ ಹಾಡಿದರೆ, ಜಾಹೀರಾತು ಮಾಡಿದರೆ ತಮ್ಮನ್ನು ಮಾರಿಕೊಂಡ ಹಾಗಲ್ವಾ?

ಮೊದಲು ಲೆಕ್ಕ ನೋಡೋಣ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ ಚಾನೆಲ್‌ಗೆ 1000 ಸಬ್‌ಸ್ಕ್ರೈಬರ್ ಆಗಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ 4000 ಗಂಟೆ ನೋಡಿರಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕ. ಸ್ಪಾಟಿಫೈ 2024ರಿಂದ ಹೊಸ ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಒಂದು ಪೈಸೆಯೂ ಇಲ್ಲ. ಅಂದರೆ ನಾವು ನಲವತ್ತು ಜನ ‘ನಮ್ಮದೇ ಬ್ಯಾಂಡ್’ ಅಂತ ಎದೆಗೆ ಅಪ್ಪಿಕೊಂಡಿದ್ದ ಕಾಲದಲ್ಲಿ ಅವರಿಗೆ ಸಿಗುತ್ತಿದ್ದುದು ಚಪ್ಪಾಳೆ, ಚಹಾ ಅಷ್ಟೇ. ತಂತಿ ಹರಿದರೆ ಹೊಸ ಸೆಟ್ ತರಲು ಬೆಂಗಳೂರಿಗೆ ಹೋಗುವವರ ಕೈಗೆ ದುಡ್ಡು ಕೊಟ್ಟು ಕಳಿಸುತ್ತಿದ್ದರು.

ಕನ್ನಡದಲ್ಲಿ ಹಾಡಿಗೆ ದುಡ್ಡು ಅಂತ ಇರುವುದು ಬಹುಪಾಲು ಸಿನಿಮಾದಲ್ಲೇ. ರಘು ದೀಕ್ಷಿತ್ ಅವರಿಗೂ ಅಂತರಾಗ್ನಿ ಬ್ಯಾಂಡ್ ಕಾಲದಿಂದ ವರ್ಷಗಟ್ಟಲೆ ಹಾಡಿದ ಮೇಲೆ ಮೊದಲ ಆಲ್ಬಂ ತರಲು ಆಗಿದ್ದು 2008ರಲ್ಲಿ. ಅದನ್ನು ಹೊರತಂದವರು ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್. ಅದೇ ವರ್ಷ ರಘು ಕನ್ನಡ ಸಿನಿಮಾಗೂ ಸಂಗೀತ ಕೊಟ್ಟರು. ಸಿನಿಮಾ ಬಾಗಿಲು ಮುಚ್ಚಿಕೊಂಡೇ ಇರಿ ಅಂತ ಹೇಳಲು ನಮಗೆ ಯಾವ ಬಾಯಿ ಇದೆ?

ಇನ್ನೊಂದು ವಿಷಯ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ರಾಯಲ್ಟಿಯಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಪಾಲು ಇರಲೇಬೇಕು, ಅದನ್ನು ಬರೆದುಕೊಟ್ಟು ಕಳೆದುಕೊಳ್ಳುವ ಹಾಗಿಲ್ಲ. ಆದರೆ ಹಾಡಿನ ಕ್ರೆಡಿಟ್‌ನಲ್ಲಿ ಇಬ್ಬರದೇ ಹೆಸರಿದ್ದರೆ ಆ ಪಾಲು ಬರುವುದು ಆ ಇಬ್ಬರಿಗೇ. ಡ್ರಮ್ ಬಾರಿಸಿದವನಿಗೆ, ಬೇಸ್ ಗಿಟಾರ್ ನುಡಿಸಿದವನಿಗೆ ಇಲ್ಲ. ಹೆಸರು ಬಂದ ಮೇಲೆ ಬ್ಯಾಂಡ್ ಒಡೆಯಲು ಇದೂ ಒಂದು ಕಾರಣ. ಅಭಿಮಾನಿಗಳು ‘ತಲೆಗೇರಿದೆ’ ಅಂದುಕೊಳ್ಳುತ್ತಾರೆ. ಒಳಗೆ ನಡೆಯುತ್ತಿರುವುದು ಎಷ್ಟೋ ಸಲ ಪಾಲಿನ ಜಗಳ.

ಹೆಸರು ಬಂದ ಮೇಲೆ ದಾವಣಗೆರೆಗೆ, ದುರ್ಗಕ್ಕೆ ಯಾಕೆ ಬರುವುದಿಲ್ಲ? ಕೊಬ್ಬಾ?

ಕೊಬ್ಬಲ್ಲ. ಅವರು ನಿಲ್ಲಲು ಇಲ್ಲಿ ಜಾಗವೇ ಇಲ್ಲ.

ನಮ್ಮ ಕಡೆ ಬ್ಯಾಂಡ್‌ಗೆ ಮೂರು ಥರದ ಸ್ಟೇಜ್ ಸಿಗುತ್ತದೆ. ಕಾಲೇಜ್ ಫೆಸ್ಟ್ ಇದೆ, ಆದರೆ ಗೇಟಿನಲ್ಲಿ ಐಡಿ ಕಾರ್ಡ್ ಕೇಳುತ್ತಾರೆ. ಓದು ಮುಗಿಸಿದವರು ಹೊರಗೆ ನಿಂತು ಕಾಂಪೌಂಡ್ ಮೇಲಿಂದ ಕೇಳಬೇಕು. ಗಣಪತಿ, ಜಾತ್ರೆಯ ರಸಮಂಜರಿ ಇದೆ. ಅಲ್ಲಿ ಜನ ಬರುವುದು ಸಿನಿಮಾ ಹಾಡಿಗೆ, ಸ್ವಂತ ಹಾಡು ಶುರು ಮಾಡಿದರೆ ಎರಡನೆಯದಕ್ಕೇ ಅಪ್ಪು ಹಾಡು ಹಾಕ್ರಿ ಅಂತ ಚೀಟಿ ಬರುತ್ತದೆ. ಸರ್ಕಾರದ ಉತ್ಸವವೂ ಇದೆ. ಅಲ್ಲಿಗೆ ಈಗಾಗಲೇ ರಾಜ್ಯಕ್ಕೆಲ್ಲ ಗೊತ್ತಿರುವವರನ್ನೇ ಕರೆಯುತ್ತಾರೆ. ಮೂರು ನೂರು ಜನ ಟಿಕೆಟ್ ತೆಗೆದುಕೊಂಡು, ಕೂತೋ ನಿಂತೋ ಎರಡು ಗಂಟೆ ಒಂದೇ ಬ್ಯಾಂಡ್ ಕೇಳುವ ಜಾಗ ಮಾತ್ರ ಇಲ್ಲ. ದಾವಣಗೆರೆಯಲ್ಲಿ ಕುವೆಂಪು ಕನ್ನಡ ಭವನ ಇದೆ, ದುರ್ಗದಲ್ಲಿ ತರಾಸು ರಂಗಮಂದಿರ ಇದೆ. ನಾಟಕ, ಪುಸ್ತಕ ಬಿಡುಗಡೆ, ಸನ್ಮಾನ ಎಲ್ಲ ನಡೆಯುತ್ತವೆ. ಡ್ರಮ್ಸ್ ಇರುವ ಬ್ಯಾಂಡ್ ಹತ್ತಿಸಬೇಕಾದರೆ ಸೌಂಡ್, ಲೈಟ್, ಅದನ್ನು ನೋಡಿಕೊಳ್ಳುವ ಜನ ಎಲ್ಲವನ್ನೂ ಹೊರಗಿನಿಂದ ತರಬೇಕು. ಮೂರು ನೂರು ಟಿಕೆಟ್‌ನ ದುಡ್ಡು ಅಲ್ಲಿಗೇ ಮುಗಿಯುತ್ತದೆ.

ಹೀಗಾಗಿ ಬ್ಯಾಂಡ್ ತೀರಾ ಸಣ್ಣದಿದ್ದಾಗ ಇಲ್ಲಿ ಹಾಡಬಹುದು, ತೀರಾ ದೊಡ್ಡದಾದ ಮೇಲೆ ಹಾಡಬಹುದು. ನಡುವಿನ ಐದಾರು ವರ್ಷ, ಅಂದರೆ ಅವರು ಬೆಳೆಯುವುದನ್ನು ನೋಡಬೇಕಾದ ಕಾಲದಲ್ಲಿ, ಹೈವೇ ಹಿಡಿದು ಬೆಂಗಳೂರಿಗೆ ಹೋಗಬೇಕು. ದಾವಣಗೆರೆಯಿಂದ 260 ಕಿಲೋಮೀಟರ್, ದುರ್ಗದಿಂದ 200. ದೂರ ಅಂತ ಯಾರೂ ಹೇಳುವ ಹಾಗಿಲ್ಲ. 2023ರಿಂದ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ.

ಸಿಕ್ಕ ಸ್ಟೇಜಿನಲ್ಲೂ ಹೇಗೆ ನಡೆಸಿಕೊಳ್ಳುತ್ತೇವೆ ನೋಡಿ. ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮ ಹುಡುಗರನ್ನು ಏಳು ಗಂಟೆಗೆ ಅಂತ ಕರೆದಿದ್ದರು. ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳ ಎರಡು ಮಾತು ಎಲ್ಲ ಮುಗಿಯುವ ಹೊತ್ತಿಗೆ ಒಂಬತ್ತೂಮುಕ್ಕಾಲು. ಬಯಲಿನಲ್ಲಿ ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದಿಂದಲೇ ಆ ನಿಯಮ ಇದೆ. ಎರಡು ಹಾಡು ಹೇಳಿ ಇಳಿದರು. ಡ್ರಮ್ಸ್ ಹುಡುಗ ಸ್ಟೇಜ್ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಳೇ ಬನಿಯನ್ ಬಟ್ಟೆಯಲ್ಲಿ ಸಿಂಬಲ್ ತಟ್ಟೆ ಒರೆಸುತ್ತಿದ್ದ. ದುಡ್ಡು ಕೊಡಬೇಕಾದವರು ಮುಖ್ಯ ಅತಿಥಿಗಳನ್ನು ಕಾರಿನವರೆಗೆ ಬಿಟ್ಟು ಬರಲು ಹೋಗಿದ್ದರು. ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ‘ಊರಿಗೆ ಯಾಕೆ ಬರಲ್ಲ’ ಅಂತ ಅವನನ್ನು ಕೇಳಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ಜನ ಟಿಕೆಟ್ ಕೊಳ್ಳುವವರಲ್ಲ ಅನ್ನುವ ಮಾತೂ ಚಾಲ್ತಿಯಲ್ಲಿದೆ. ಅದು ಸುಳ್ಳು. ಇದು ಚಿಂದೋಡಿ ಲೀಲಾ ಅವರ ಊರು. ಕಂಪನಿ ನಾಟಕಕ್ಕೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡವರ ಮಕ್ಕಳು, ಮೊಮ್ಮಕ್ಕಳು ನಾವು. ಟಿಕೆಟ್ ಇಟ್ಟು ಕರೆಯುವವರು ಬೇಕು, ಅಷ್ಟೇ.

ನಮ್ಮೂರ ಬ್ಯಾಂಡ್‌ಗೆ ‘ಬೆಂಗಳೂರಿನ ಬ್ಯಾಂಡ್’ ಅಂತ ಹೆಸರು ಬಿದ್ದಿದೆ. ಸಿಟ್ಟು ಬರುವುದಿಲ್ವಾ?

ಬರುತ್ತದೆ. ಈ ಪ್ರಶ್ನೆ ಜಾಸ್ತಿ ಕೇಳುವುದು ದುರ್ಗದವರು. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಒಡೆದು ಬೇರೆ ಜಿಲ್ಲೆ ಆದಾಗಿನಿಂದ ಅವರಿಗೆ ಇಂಥದ್ದು ಸ್ವಲ್ಪ ಬೇಗ ಚುಚ್ಚುತ್ತದೆ. ಇದಕ್ಕೆ ಮದ್ದು ಬ್ಯಾಂಡ್‌ನ ಕೈಯಲ್ಲೇ ಇದೆ: ಪ್ರತಿ ಸಂದರ್ಶನದಲ್ಲೂ ಊರ ಹೆಸರು ಹೇಳಬೇಕು. ಹೇಳದಿದ್ದರೆ ಕಾಮೆಂಟಿನಲ್ಲಿ ನೆನಪಿಸಿ. ಮರ್ಯಾದೆಯಿಂದ.

ಮೊದಲೆಲ್ಲ ಮೆಸೇಜ್ ಮಾಡಿದರೆ ತಕ್ಷಣ ಉತ್ತರ ಬರುತ್ತಿತ್ತು. ಈಗ ನೋಡುವುದೂ ಇಲ್ಲ. ನನ್ನನ್ನು ಮರೆತರಾ?

ಮರೆತಿರಲಿಕ್ಕಿಲ್ಲ. ದಿನಕ್ಕೆ ಸಾವಿರ ಮೆಸೇಜ್ ಬಂದರೆ ನಿಮ್ಮದು ಕೆಳಗೆ ಹೋಗಿರುತ್ತದೆ.

ಟಿವಿ, ರೇಡಿಯೊದವರ ಜೊತೆ ಜನ ಬೆಳೆಸಿಕೊಳ್ಳುವ ಒಂದು ಕಡೆಯ ಗೆಳೆತನದ ಬಗ್ಗೆ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು 1956ರಲ್ಲೇ ಬರೆದಿದ್ದಾರೆ. ನಿಮ್ಮದು ಅದಲ್ಲ, ಅದಕ್ಕೇ ನೋವು ಜಾಸ್ತಿ. ನಿಮ್ಮದು ನಿಜವಾದ ಪರಿಚಯವೇ. ಸ್ಟೇಜ್ ಇಳಿದು ಬಂದು ‘ಹೆಂಗಿತ್ತಣ್ಣಾ’ ಅಂತ ಕೇಳಿದ್ದಾರೆ, ನಿಮ್ಮ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಾರೆ. ಎರಡೂ ಕಡೆ ಇದ್ದ ಸ್ನೇಹ ನಿಧಾನಕ್ಕೆ ಒಂದೇ ಕಡೆಯದಾಗುತ್ತಾ ಬಂತು. ಇದಕ್ಕೆ ಮದ್ದು ನನಗೆ ಗೊತ್ತಿಲ್ಲ. ನಂಬರ್ ಇದ್ದರೆ ಹಾಡಿನ ಮಾತು ಬಿಟ್ಟು, ಅವರ ತಾಯಿ ಹೇಗಿದ್ದಾರೆ ಅಂತ ಕೇಳಿ ನೋಡಿ. ಅಂಥ ಮೆಸೇಜಿಗೆ ಉತ್ತರ ಬರುವುದು ಹೆಚ್ಚು.

‘ನಾನು ಮೊದಲಿನಿಂದಲೂ ಕೇಳುತ್ತಿದ್ದೆ’ ಅಂತ ಹೇಳಿಕೊಳ್ಳುವುದು ತಪ್ಪಾ?

ಒಂದು ಸಲ ಹೇಳಿದರೆ ತಪ್ಪಿಲ್ಲ.

ಹಳೆಯ ಕಾರ್ಯಕ್ರಮಗಳ ವಿಡಿಯೊ ನನ್ನ ಹತ್ತಿರ ಇವೆ. ಯೂಟ್ಯೂಬ್‌ಗೆ ಹಾಕಬಹುದಾ?

ಕೇಳಿ ಹಾಕಿ. ವಿಡಿಯೊ ತೆಗೆದವರು ನೀವಾದರೂ ಅದರಲ್ಲಿರುವ ಹಾಡು ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ವೇದಿಕೆಯಲ್ಲಿ ಹಾಡಿದವರಿಗೂ, ನುಡಿಸಿದವರಿಗೂ ಬೇರೆ ಹಕ್ಕಿದೆ, ಅದು 50 ವರ್ಷ. ಬ್ಯಾಂಡ್ ಈಗ ಯಾವುದಾದರೂ ಕಂಪನಿಗೆ ಹಾಡು ಕೊಟ್ಟಿದ್ದರೆ ನಿಮ್ಮ ವಿಡಿಯೊ ತೆಗೆದುಹಾಕಲೂಬಹುದು.

ಆದರೆ ದಯವಿಟ್ಟು ಅಳಿಸಬೇಡಿ. ಫೋನ್ ಬದಲಾಯಿಸುವಾಗ ಇಂಥವೇ ಮೊದಲು ಹೋಗುತ್ತವೆ. ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ, ಯಾವ ಊರು, ಯಾವ ದಿನ, ಯಾರ್ಯಾರು ನುಡಿಸಿದರು ಅಂತ ಬರೆದಿಡಿ. ಬಿಟ್ಟುಹೋದ ಸದಸ್ಯರ ಹೆಸರು ಆಮೇಲೆ ಬ್ಯಾಂಡ್‌ನವರ ಹತ್ತಿರವೂ ಸಿಗುವುದಿಲ್ಲ.

ಇಲ್ಲಿ ಹೊಸ ಸಣ್ಣ ಬ್ಯಾಂಡ್ ಹುಡುಕುವುದು ಹೇಗೆ?

ಯೂಟ್ಯೂಬ್‌ನಲ್ಲಿ ಹುಡುಕಿದರೆ ಆಗಲೇ ಗೆದ್ದವರೇ ಸಿಗುತ್ತಾರೆ. ದಾವಣಗೆರೆ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಹೋಗಿ. ಸಮೂಹ ಗೀತೆ, ಜಾನಪದ ವಾದ್ಯಮೇಳದ ಸ್ಪರ್ಧೆಯಲ್ಲಿ ಬಹುಮಾನ ಬರದ ತಂಡಗಳನ್ನೂ ಕೇಳಿ. ಗಣಪತಿ ಹಬ್ಬದಲ್ಲಿ ದೊಡ್ಡ ಪೆಂಡಾಲ್ ಬಿಟ್ಟು ಬಡಾವಣೆಯ ಒಳಗಿನ ಪೆಂಡಾಲ್‌ಗಳನ್ನು ಸುತ್ತಿ. ಎಲ್ಲಕ್ಕಿಂತ ಮೇಲು, ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಹುಡುಗರನ್ನು ಕೇಳುವುದು. ಯಾರು ಬರೀ ಟ್ರ್ಯಾಕ್ ಹಾಕಿ ತುಟಿ ಆಡಿಸುತ್ತಾರೆ, ಯಾರು ನಿಜವಾಗಿ ನುಡಿಸುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಸ್ವಂತ ಹಾಡು ಮಾಡುವ ಹುಡುಗರು ಸಿಕ್ಕರೆ ನೂರು ರೂಪಾಯಿ ಟಿಕೆಟ್ ಇಟ್ಟು ಒಂದು ಸಂಜೆ ಕರೆಸಿ. ಭಾಷಣ ಇಡಬೇಡಿ. ದುಡ್ಡನ್ನು ಸ್ಟೇಜ್ ಹತ್ತುವ ಮೊದಲೇ ಕೊಟ್ಟುಬಿಡಿ.